ತಿಳಿದದ್ದು ಬಲೆಯವರೆಗೆ ತಲುಪಬೇಕಲ್ಲ

ಆರೆಂಜ್ ರಫಿ ಅಂತ ಒಂದು ಆಳಸಮುದ್ರದ ಮೀನಿದೆ. ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ, ನೀರಿನಡಿಯ ಬೆಟ್ಟಗಳ ಸುತ್ತ ಗುಂಪುಗೂಡಿ ಮೊಟ್ಟೆ ಇಡುವ ಕೆಂಪು ಮೀನು. 1970ರ ದಶಕದ ಕೊನೆಯಲ್ಲಿ ನ್ಯೂಜಿಲೆಂಡಿನ ಸುತ್ತ ಇದನ್ನು ದೊಡ್ಡ ಪ್ರಮಾಣದಲ್ಲಿ ಹಿಡಿಯಲು ಶುರು ಮಾಡಿದರು, ಆಮೇಲೆ ಆಸ್ಟ್ರೇಲಿಯಾದಲ್ಲೂ. ಮೊಟ್ಟೆ ಇಡುವ ಗುಂಪಿನ ಮೇಲೆಯೇ ಹಡಗು ಎಳೆದೊಯ್ಯುವ ಟ್ರಾಲ್ ಬಲೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಟನ್ನುಗಟ್ಟಲೆ ಮೀನು ಮೇಲೆ ಬರುತ್ತಿತ್ತು. ಎಷ್ಟು ಹಿಡಿಯಬಹುದು ಅಂತ ಲೆಕ್ಕ ಹಾಕಿದವರು ಇದನ್ನು ಬೇರೆ ಮೀನುಗಳ ಹಾಗೇ ಬೇಗ ಬೆಳೆದು ಬೇಗ ಮರಿಮಾಡುವ ಮೀನು ಅಂದುಕೊಂಡಿದ್ದರು.

ಮೀನಿನ ವಯಸ್ಸು ತಿಳಿಯಲು ಅದರ ತಲೆಯೊಳಗಿನ ಕಿವಿಕಲ್ಲನ್ನು ನೋಡುತ್ತಾರೆ. ಮರದ ಕಾಂಡದಲ್ಲಿ ಇರುವ ಹಾಗೆ ಆ ಪುಟ್ಟ ಕಲ್ಲಿನಲ್ಲೂ ವರ್ಷಕ್ಕೊಂದು ಉಂಗುರ ಕೂಡುತ್ತಾ ಹೋಗುತ್ತದೆ. ಮೊದಮೊದಲು ರಫಿಯ ಕಲ್ಲಿನಲ್ಲಿ ಎಣಿಸಿದ ಉಂಗುರಗಳು ಕಡಿಮೆ ಇದ್ದವು. ಕಲ್ಲನ್ನು ತೆಳ್ಳಗೆ ಸೀಳಿ ನೋಡಿದಾಗ ಉಂಗುರಗಳ ಸಂಖ್ಯೆ ಎಲ್ಲಿಗೋ ಹೋಯಿತು. ಅದನ್ನು ನಂಬಲು ಎಷ್ಟೋ ಜನ ತಯಾರಿರಲಿಲ್ಲ. ಕೊನೆಗೆ 1991ರಲ್ಲಿ, ಕಲ್ಲಿನೊಳಗೆ ಸಹಜವಾಗಿ ಇರುವ ವಿಕಿರಣಶೀಲ ಅಂಶಗಳನ್ನು ಅಳೆದು ವಯಸ್ಸು ಲೆಕ್ಕ ಹಾಕಿದ ಅಧ್ಯಯನ ಪ್ರಕಟವಾಯಿತು. ಈ ಮೀನು ನೂರು ವರ್ಷ ದಾಟಿ ಬದುಕುತ್ತದೆ. ಮೊದಲ ಸಲ ಮೊಟ್ಟೆ ಇಡುವ ಹೊತ್ತಿಗೆ ಅದಕ್ಕೆ ಮೂವತ್ತರ ಆಸುಪಾಸು ವಯಸ್ಸಾಗಿರುತ್ತದೆ.

ಅಷ್ಟು ನಿಧಾನವಾಗಿ ಬೆಳೆಯುವ ಮೀನನ್ನು ವರ್ಷಕ್ಕೆ ಎಷ್ಟು ಹಿಡಿಯಬಹುದು ಹೇಳಿ? ತೀರಾ ಸ್ವಲ್ಪ. ಆದರೆ ಆ ಉತ್ತರ ಬರುವ ಹೊತ್ತಿಗೆ ಹಡಗುಗಳು ಒಂದೊಂದೇ ಬೆಟ್ಟ ಖಾಲಿ ಮಾಡುತ್ತಾ ಮುಂದೆ ಹೋಗಿದ್ದವು. 2006ರಲ್ಲಿ ಆಸ್ಟ್ರೇಲಿಯಾ ಈ ಮೀನನ್ನು ಸಂರಕ್ಷಣೆ ಬೇಕಾದ ಜೀವಿಗಳ ಪಟ್ಟಿಗೆ ಸೇರಿಸಿತು. ವಾಣಿಜ್ಯಕ್ಕಾಗಿ ಹಿಡಿಯುವ ಕಡಲಮೀನೊಂದು ಆ ದೇಶದಲ್ಲಿ ಅಂಥ ಪಟ್ಟಿಗೆ ಬರುವುದು ಸಣ್ಣ ಮಾತಲ್ಲ.

ಮೀನುಗಾರಿಕೆಯ ವರದಿಗಳನ್ನು ಓದುವುದು ನನಗೆ ಬಹಳ ಕಾಲದಿಂದ ಅಂಟಿಕೊಂಡಿರುವ ಅಭ್ಯಾಸ. ಎಷ್ಟು ಓದಿದರೂ ನನ್ನನ್ನು ಕಾಡುವ ಪ್ರಶ್ನೆ ಒಂದೇ. ವಿಜ್ಞಾನಿಗಳಿಗೆ ಹೊಸದೇನೋ ಗೊತ್ತಾಗುತ್ತದೆ. ಅದು ಸಮುದ್ರಕ್ಕೆ ಇಳಿಯುವ ಬಲೆಯವರೆಗೆ ತಲುಪಲು ಯಾಕೆ ಇಷ್ಟು ವರ್ಷ ಬೇಕು? ಕೆಲವು ಕಡೆ ಅದೇ ಕೆಲಸ ನಾಲ್ಕೇ ದಿನದಲ್ಲಿ ಆಗುತ್ತದಲ್ಲ, ಅದು ಹೇಗೆ? ಈ ಬರಹ ಅದರ ಬಗ್ಗೆ.

ಮೊದಲು ಈ ವ್ಯವಸ್ಥೆ ನಡೆಯುವ ರೀತಿಯನ್ನು ಸ್ವಲ್ಪ ಹೇಳುತ್ತೇನೆ. 1883ರಲ್ಲಿ ಲಂಡನ್ನಿನ ಮೀನುಗಾರಿಕಾ ಪ್ರದರ್ಶನದಲ್ಲಿ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ ಮಾತಾಡುತ್ತಾ, ಕಾಡ್, ಹೆರಿಂಗ್‌ನಂಥ ದೊಡ್ಡ ಕಡಲ ಮೀನುಗಾರಿಕೆಗಳು ಬರಿದಾಗುವಂಥವಲ್ಲ ಅಂದರು. ಆಗಿನ ದೋಣಿ, ಆಗಿನ ಬಲೆಗಳನ್ನು ನೋಡಿ ಹೇಳಿದ ಮಾತು ಅದು. ಆಮೇಲೆ ಉಗಿಯಂತ್ರದ ಟ್ರಾಲರ್‌ಗಳು ಹೆಚ್ಚಿದವು, ಉತ್ತರ ಸಮುದ್ರದ ಮೀನು ಕಡಿಮೆಯಾಗುತ್ತಿದೆ ಎಂಬ ದೂರು ಜಾಸ್ತಿಯಾಯಿತು. 1902ರಲ್ಲಿ ಯುರೋಪಿನ ದೇಶಗಳು ಸೇರಿ ಕೋಪನ್‌ಹೇಗನ್ನಿನಲ್ಲಿ ಸಮುದ್ರವನ್ನು ಒಟ್ಟಾಗಿ ಅಧ್ಯಯನ ಮಾಡಲು ಐಸಿಇಎಸ್ ಎಂಬ ಸಂಸ್ಥೆ ಕಟ್ಟಿದವು. ನಾರ್ವೆಯ ಯೋಹಾನ್ ಯೋರ್ಟ್ ಮತ್ತು ಜೊತೆಗಾರರು ಹೆರಿಂಗ್ ಮೀನಿನ ಹುರುಪೆಯಲ್ಲಿ ವಯಸ್ಸು ಓದಿ ಒಂದು ವಿಚಿತ್ರ ಸಂಗತಿ ಕಂಡರು. 1904ರಲ್ಲಿ ಹುಟ್ಟಿದ ಮೀನುಗಳೇ ವರ್ಷಗಟ್ಟಲೆ ಬಲೆಯಲ್ಲಿ ತುಂಬಿರುತ್ತಿದ್ದವು. ಅಂದರೆ ಎಲ್ಲ ವರ್ಷವೂ ಮರಿಗಳು ಒಂದೇ ಥರ ಬದುಕಿ ಉಳಿಯುವುದಿಲ್ಲ. ಒಂದು ಒಳ್ಳೆಯ ವರ್ಷ ಹತ್ತು ವರ್ಷದ ಮೀನುಗಾರಿಕೆಯನ್ನು ಹೊತ್ತು ನಡೆಸಬಹುದು. 1914ರಲ್ಲಿ ಯೋರ್ಟ್ ಇದನ್ನು ಪ್ರಕಟಿಸಿದರು. ಇವತ್ತಿಗೂ ಮೀನಿನ ಲೆಕ್ಕದ ಬುನಾದಿ ಅದೇ.

ಈಗ ಬಹುತೇಕ ಕಡೆ ಕೆಲಸ ನಡೆಯುವುದು ಹೀಗೆ. ಸರ್ವೆ ಹಡಗು ಸಮುದ್ರಕ್ಕೆ ಹೋಗಿ ಮೀನಿನ ಸ್ಯಾಂಪಲ್ ತರುತ್ತದೆ. ಬಂದರಿನಲ್ಲಿ ಇಳಿದ ಮೀನಿನ ಲೆಕ್ಕ ಅದಕ್ಕೆ ಸೇರುತ್ತದೆ. ಎರಡನ್ನೂ ಗಣಿತದ ಮಾದರಿಯೊಂದಕ್ಕೆ ಹಾಕಿ ಎಷ್ಟು ಮೀನು ಉಳಿದಿದೆ ಅಂತ ಅಂದಾಜು ಮಾಡುತ್ತಾರೆ. ಆ ಅಂದಾಜಿನ ಮೇಲೆ ಸಲಹೆ, ಸಲಹೆಯ ಮೇಲೆ ಮಂತ್ರಿಗಳ ಚೌಕಾಶಿ, ಕೊನೆಗೆ ಕೋಟಾ, ಅಂದರೆ ಎಷ್ಟು ಹಿಡಿಯಬಹುದು ಎಂಬ ಮಿತಿ. ಈ ದಾರಿಯಲ್ಲಿ ಹೋಗಬೇಕಾದರೆ ಜ್ಞಾನ ಅಂಕಿಯ ರೂಪದಲ್ಲಿರಬೇಕು, ಅದೂ ಮಾದರಿಯಲ್ಲಿ ಮೊದಲೇ ಜಾಗ ಇರುವ ಅಂಕಿಯ ರೂಪದಲ್ಲಿ. ಜಾಗ ಇಲ್ಲದ್ದು ಹೊರಗೇ ಉಳಿಯುತ್ತದೆ.

ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಆದದ್ದು ಇದೇ. ಅಲ್ಲಿನ ಕಾಡ್ ಮೀನುಗಾರಿಕೆ ಶತಮಾನಗಳಷ್ಟು ಹಳೆಯದು. 1968ರಲ್ಲಿ ವಿದೇಶಿ ಟ್ರಾಲರ್‌ಗಳೂ ಸೇರಿ 8 ಲಕ್ಷ ಟನ್ನಿಗೂ ಜಾಸ್ತಿ ಹಿಡಿದಿದ್ದರು. 1980ರ ದಶಕದಲ್ಲಿ ದಡದ ಹತ್ತಿರ ಸಣ್ಣ ದೋಣಿಗಳಲ್ಲಿ ಹಿಡಿಯುವವರು ಮೀನು ಕಡಿಮೆಯಾಗಿದೆ, ಬರುವ ಮೀನೂ ಸಣ್ಣದಾಗಿದೆ ಅಂತ ಹೇಳುತ್ತಲೇ ಇದ್ದರು. ಲೆಕ್ಕದಲ್ಲಿ ತೂಕ ಜಾಸ್ತಿ ಸಿಕ್ಕಿದ್ದು ದೂರದ ಸಮುದ್ರದ ಟ್ರಾಲರ್‌ಗಳ ಅಂಕಿಗೆ. ಗಂಟೆಗೆ ಎಷ್ಟು ಮೀನು ಸಿಕ್ಕಿತು ಎಂಬ ಅಂಕಿ ಅದು, ನೋಡಲು ಚೆನ್ನಾಗಿಯೇ ಇತ್ತು. ಯಾಕೆಂದರೆ ಉಳಿದ ಕಾಡ್ ಒಂದೆಡೆ ಒತ್ತಾಗಿ ಸೇರುತ್ತಿತ್ತು, ಟ್ರಾಲರ್‌ಗಳ ಸೋನಾರ್ ಅದನ್ನು ಹುಡುಕಿ ಕೊಡುತ್ತಿತ್ತು. ಮೀನು ಮುಗಿಯುತ್ತಾ ಬಂದರೂ ಗಂಟೆಯ ಲೆಕ್ಕ ಇಳಿಯಲಿಲ್ಲ. 1992ರ ಜುಲೈ 2ರಂದು ಕೆನಡಾ ಸರ್ಕಾರ ಮೀನುಗಾರಿಕೆಯನ್ನೇ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು.

ಸಣ್ಣ ದೋಣಿಯವರ ಮಾತು ಸರಿ ಇತ್ತು ಅಂತ ಆಮೇಲೆ ಎಲ್ಲರೂ ಒಪ್ಪಿದರು. ಆದರೆ ಆಗ ಆ ಮಾತನ್ನು ಹಾಕಲು ಲೆಕ್ಕದಲ್ಲಿ ಒಂದು ಕೋಣೆಯೂ ಇರಲಿಲ್ಲ. ಇದು ನನಗೆ ಇವತ್ತಿಗೂ ಸಂಕಟ ತರುವ ವಿಷಯ. ಗೊತ್ತಿದ್ದ ಜನ ಇದ್ದರು, ಹೇಳುತ್ತಲೂ ಇದ್ದರು. ಕೇಳುವ ವ್ಯವಸ್ಥೆ ಇರಲಿಲ್ಲ.

ಈ ಕಥೆಗೆ ಇತ್ತೀಚೆಗೆ ಇನ್ನೊಂದು ತಿರುವು ಬಂದಿದೆ. 2023ರಲ್ಲಿ ಕೆನಡಾದ ವಿಜ್ಞಾನಿಗಳು ಮಾದರಿಯನ್ನು ಬದಲಿಸಿ, 1954ರಷ್ಟು ಹಿಂದಿನಿಂದ ಇದ್ದ ಹಳೆಯ ಮಾಹಿತಿಯನ್ನೂ ಅದಕ್ಕೆ ಸೇರಿಸಿದರು. ಹಾಗೆ ಮಾಡಿದಾಗ, ಮೀನು ಎಷ್ಟಕ್ಕಿಂತ ಕಡಿಮೆಯಾದರೆ ಅಪಾಯ ಎಂಬ ಗೆರೆ ಎಲ್ಲಿರಬೇಕು ಎಂಬುದೇ ಬದಲಾಯಿತು. ಗೆರೆ ಕೆಳಗೆ ಬಂತು, ಮೀನು ಅದರ ಮೇಲಿದೆ ಎಂದಾಯಿತು. 2024ರ ಜೂನ್‌ನಲ್ಲಿ 32 ವರ್ಷಗಳ ನಿಷೇಧ ತೆಗೆದು 18,000 ಟನ್ ಕೋಟಾ ಕೊಟ್ಟರು. ಇಲ್ಲಿ ಹೊಸ ತಿಳಿವಳಿಕೆ ಬಹಳ ಬೇಗ ನಿರ್ಧಾರವಾಯಿತು. ಅದೇ ಕಾರಣಕ್ಕೆ ವಾದವೂ ಎದ್ದಿತು. ಸಮುದ್ರದಲ್ಲಿ ಮೀನು ಒಮ್ಮೆಲೇ ಹೆಚ್ಚಿರಲಿಲ್ಲ, ನಾವು ಅಳೆಯುವ ಕೋಲು ಬದಲಾಗಿತ್ತು. ಕೋಲು ಮೊದಲಿಗಿಂತ ಚೆನ್ನಾಗಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೂ ಹೊಸ ಅಳತೆ ಬಂದ ಮರುವರ್ಷವೇ ಬಲೆ ಬಿಡುವ ಬದಲು, ಅದೇ ಅಳತೆಯಲ್ಲಿ ಇನ್ನೂ ಕೆಲವು ಸರ್ವೆ ಮುಗಿಯಲಿ ಅಂತ ಕಾಯಬಹುದಿತ್ತು. 32 ವರ್ಷ ಕಾದವರಿಗೆ ಇನ್ನೂ ಕಾಯಿರಿ ಅನ್ನುವುದು ಸುಲಭವಲ್ಲ, ಅದೂ ಗೊತ್ತು.

ಹಾಗಾದರೆ ಹೊಸ ಜ್ಞಾನ ಬಂದಾಗ ಏನು ಮಾಡಬೇಕು ಎಂಬುದನ್ನು ಯಾವಾಗ ತೀರ್ಮಾನಿಸಬೇಕು? ನನ್ನ ಉತ್ತರ: ಅದು ಬರುವ ಮೊದಲೇ. ಹೀಗೆ ಹೇಳುವ ಧೈರ್ಯ ನನಗೆ ಬಂದದ್ದು ಎರಡು ಟ್ಯೂನಾಗಳ ಕಥೆಯಿಂದ.

ಮೊದಲನೆಯದು ಅಟ್ಲಾಂಟಿಕ್ ಬ್ಲೂಫಿನ್ ಟ್ಯೂನಾ. 1980ರ ದಶಕದ ಶುರುವಿನಿಂದ ಇದನ್ನು ಎರಡು ಬೇರೆ ಬೇರೆ ಗುಂಪು ಅಂತ ಲೆಕ್ಕ ಹಾಕುತ್ತಾ ಬಂದರು. ನಕಾಶೆಯ ಮೇಲೆ 45 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ ಒಂದು ಗೆರೆ. ಗೆರೆಯ ಈಚೆಗಿನದು ಪೂರ್ವದ ಮೀನು, ಆಚೆಗಿನದು ಪಶ್ಚಿಮದ ಮೀನು. ಪಶ್ಚಿಮದ ಗುಂಪು ತೀರಾ ಚಿಕ್ಕದು, ಮೆಕ್ಸಿಕೋ ಕೊಲ್ಲಿಯಲ್ಲಿ ಮೊಟ್ಟೆ ಇಡುವಂಥದ್ದು. ಪೂರ್ವದ್ದು ಮೆಡಿಟರೇನಿಯನ್ನಿನಲ್ಲಿ ಮೊಟ್ಟೆ ಇಡುತ್ತದೆ. 1990ರ ದಶಕದ ಕೊನೆಯಿಂದ ವಿಜ್ಞಾನಿ ಬಾರ್ಬರಾ ಬ್ಲಾಕ್ ಮತ್ತು ಜೊತೆಗಾರರು ಈ ಮೀನುಗಳಿಗೆ ಎಲೆಕ್ಟ್ರಾನಿಕ್ ಟ್ಯಾಗ್ ಹಾಕಿ ಬಿಟ್ಟರು. ಮೀನುಗಳು ಆ ಗೆರೆಯನ್ನು ಗಮನಿಸದೆ ಸಾಗರದ ಈ ಕಡೆಯಿಂದ ಆ ಕಡೆಗೆ ಓಡಾಡುತ್ತಿದ್ದವು. ಮೀನು ಹುಟ್ಟಿದ ನೀರಿನ ಗುರುತು ಉಳಿಸಿಕೊಳ್ಳುವ, ಕಿವಿಕಲ್ಲಿನಲ್ಲಿರುವ ಆಕ್ಸಿಜನ್ನಿನ ಐಸೋಟೋಪ್‌ಗಳನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪಗಳು) ನೋಡಿದವರೂ ಅದನ್ನೇ ಹೇಳಿದರು. ಪಶ್ಚಿಮದಲ್ಲಿ ಹಿಡಿದ ಎಷ್ಟೋ ಮೀನು ಪೂರ್ವದಲ್ಲಿ ಹುಟ್ಟಿದ್ದು. ಇದು ಸುಮ್ನೆ ಕುತೂಹಲದ ವಿಷಯ ಅಲ್ಲ. ಪೂರ್ವದ ಬಲೆಗಳು ಪಶ್ಚಿಮದ ಆ ಚಿಕ್ಕ ಗುಂಪನ್ನೂ ಹಿಡಿಯುತ್ತಿರಬಹುದು, ಯಾರ ಲೆಕ್ಕಕ್ಕೂ ಸಿಗದೆ. 2008ರ ಹೊತ್ತಿಗೆ ಇದೆಲ್ಲ ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಬಂದಾಗಿತ್ತು. ಮೀನು ಬೆರೆಯುತ್ತದೆ ಎಂಬುದನ್ನು ಒಳಗೆ ಸೇರಿಸಿಕೊಂಡು ಪರೀಕ್ಷಿಸಿದ ನಿಯಮವೊಂದನ್ನು ಈ ಟ್ಯೂನಾವನ್ನು ನೋಡಿಕೊಳ್ಳುವ ಅಂತಾರಾಷ್ಟ್ರೀಯ ಆಯೋಗ ಒಪ್ಪಿದ್ದು 2022ರ ನವೆಂಬರ್‌ನಲ್ಲಿ. ಲೆಕ್ಕ ನೀವೇ ಹಾಕಿ.

ಎರಡನೆಯದು ದಕ್ಷಿಣದ ಬ್ಲೂಫಿನ್ ಟ್ಯೂನಾ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಮೀನುಗಾರಿಕೆಯ ವಿಜ್ಞಾನದಲ್ಲಿ ನನಗೆ ಇಷ್ಟು ಖುಷಿ ಕೊಟ್ಟ ಕೆಲಸ ಇನ್ನೊಂದಿಲ್ಲ.

ಈ ಮೀನು 40 ವರ್ಷದವರೆಗೂ ಬದುಕುತ್ತದೆ, ಮೊಟ್ಟೆ ಇಡಲು ಹತ್ತು ವರ್ಷದ ಹತ್ತಿರ ಬೇಕು. ಜಾವಾ ಮತ್ತು ವಾಯವ್ಯ ಆಸ್ಟ್ರೇಲಿಯಾದ ನಡುವಿನ ಒಂದೇ ಜಾಗದಲ್ಲಿ ಮೊಟ್ಟೆ ಇಡುತ್ತದೆ. ದಶಕಗಟ್ಟಲೆ ಹಿಡಿದು ಹಿಡಿದು ಮೊಟ್ಟೆ ಇಡುವ ಮೀನುಗಳು ಮೂಲ ಪ್ರಮಾಣದ ಕೆಲವೇ ಶೇಕಡಾಕ್ಕೆ ಇಳಿದಿದ್ದವು. ಅದರ ಮೇಲೆ, ಎಷ್ಟೋ ವರ್ಷ ಹಿಡಿದ ಮೀನನ್ನು ಕಡಿಮೆ ತೋರಿಸಲಾಗಿತ್ತು ಎಂಬುದು 2006ರ ಹೊತ್ತಿಗೆ ಬಯಲಾಯಿತು. ಅಂದರೆ ಎಲ್ಲ ಲೆಕ್ಕಕ್ಕೂ ತಳಹದಿಯಾಗಿದ್ದ ಅಂಕಿಯೇ ನಂಬಲಾಗದ್ದು. ಹಿಡಿದ ಮೀನಿನ ಲೆಕ್ಕವನ್ನು ನಂಬದೆ ಸಮುದ್ರದಲ್ಲಿ ಎಷ್ಟು ಮೀನಿದೆ ಅಂತ ಹೇಳುವುದು ಹೇಗೆ?

ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಶೋಧನಾ ಸಂಸ್ಥೆಯ ಮಾರ್ಕ್ ಬ್ರಾವಿಂಗ್ಟನ್ ಮತ್ತು ಜೊತೆಗಾರರ ಯೋಚನೆ ಹೀಗಿತ್ತು. ಪ್ರತಿ ಮರಿಮೀನಿಗೂ ಒಬ್ಬ ತಾಯಿ, ಒಬ್ಬ ತಂದೆ ಇದ್ದೇ ಇರುತ್ತಾರೆ. ಅದರಲ್ಲಿ ಅಂದಾಜು ಏನೂ ಇಲ್ಲ. ಇಂಡೋನೇಷ್ಯಾದ ಬಂದರಿಗೆ ಬರುವ ದೊಡ್ಡ ಮೀನುಗಳಿಂದ ಚೂರು ಮಾಂಸ ತೆಗೆದು ಡಿಎನ್ಎ ನೋಡೋಣ. ಆಸ್ಟ್ರೇಲಿಯಾದ ದಕ್ಷಿಣ ತೀರದಲ್ಲಿ ಸಿಗುವ ಮರಿಗಳದ್ದನ್ನೂ ನೋಡೋಣ. ಯಾವ ಮರಿಗೆ ಯಾವ ದೊಡ್ಡ ಮೀನು ತಾಯಿ ಅಥವಾ ತಂದೆ ಅಂತ ಹುಡುಕೋಣ. ಸಮುದ್ರದಲ್ಲಿ ದೊಡ್ಡ ಮೀನು ಕಡಿಮೆ ಇದ್ದರೆ ಇಂಥ ಜೋಡಿಗಳು ಜಾಸ್ತಿ ಸಿಗುತ್ತವೆ. ದೊಡ್ಡ ಮೀನು ತುಂಬಾ ಇದ್ದರೆ ಜೋಡಿ ಸಿಗುವುದು ಅಪರೂಪ. ಅಷ್ಟೇ. ಸುಮಾರು 14,000 ಮೀನುಗಳ ಡಿಎನ್ಎ ನೋಡಿದರು, 45 ಜೋಡಿ ಸಿಕ್ಕವು. ಆ 45ರಿಂದ ಮೊಟ್ಟೆ ಇಡುವ ಮೀನುಗಳ ಸಂಖ್ಯೆ ಅಂದಾಜಾಯಿತು. ಅದು ಹಳೆಯ ಲೆಕ್ಕ ಹೇಳಿದ್ದಕ್ಕಿಂತ ಜಾಸ್ತಿಯೇ ಇತ್ತು. 2016ರಲ್ಲಿ ಪ್ರಬಂಧ ಪ್ರಕಟವಾಯಿತು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಇಷ್ಟು ಚಂದದ ವಿಧಾನ ಕೂಡ ಒಂದು ಪ್ರಬಂಧವಾಗಿ ಉಳಿದುಬಿಡಬಹುದಿತ್ತು. ಉಳಿಯಲಿಲ್ಲ, ಯಾಕೆಂದರೆ ಅದಕ್ಕೆ ಬಾಗಿಲು ತೆರೆದಿತ್ತು. ಈ ಟ್ಯೂನಾವನ್ನು ನೋಡಿಕೊಳ್ಳುವ ಆಯೋಗ 2011ರಲ್ಲೇ ಬಾಲಿಯಲ್ಲಿ ಒಂದು ನಿಯಮ ಒಪ್ಪಿತ್ತು. ಯಾವ ಮಾಹಿತಿ ಬಂದರೆ ಕೋಟಾ ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಎಂಬುದನ್ನು ಮೊದಲೇ ಬರೆದಿಟ್ಟ ನಿಯಮ. ಅದನ್ನು ಬರೆಯುವ ಮುಂಚೆ ಕಂಪ್ಯೂಟರಿನಲ್ಲಿ ನೂರಾರು ಥರದ ಕಾಲ್ಪನಿಕ ಸಮುದ್ರಗಳ ಮೇಲೆ ಓಡಿಸಿ ನೋಡಿದ್ದರು: ಮೀನು ನಿಧಾನವಾಗಿ ಬೆಳೆದರೆ ಏನಾಗುತ್ತದೆ, ಮರಿ ಕಡಿಮೆಯಾದರೆ, ಹಿಡಿದ ಲೆಕ್ಕವೇ ಸುಳ್ಳಾದರೆ? ಎಲ್ಲ ಸಮುದ್ರದಲ್ಲೂ ತಕ್ಕಮಟ್ಟಿಗೆ ನಿಭಾಯಿಸಿದ ನಿಯಮವನ್ನು ಆರಿಸಿದರು. ಮೂರು ವರ್ಷಕ್ಕೊಮ್ಮೆ ನಿಯಮವೇ ಕೋಟಾ ಹೇಳುತ್ತದೆ. 2019ರಲ್ಲಿ ಕೇಪ್‌ಟೌನಿನಲ್ಲಿ ನಿಯಮವನ್ನು ಹೊಸದಾಗಿ ಬರೆದಾಗ, ತಾಯಿ-ತಂದೆ ಹುಡುಕುವ ಈ ಡಿಎನ್ಎ ಮಾಹಿತಿಯೂ, ಮರಿಗಳ ಡಿಎನ್ಎ ತೆಗೆದು ಬಿಟ್ಟು ಮರುವರ್ಷ ಬಲೆಯಲ್ಲಿ ಅವೇ ಸಿಕ್ಕವಾ ಅಂತ ನೋಡುವ ಇನ್ನೊಂದು ವಿಧಾನವೂ ನೇರವಾಗಿ ನಿಯಮದೊಳಗೆ ಬಂದವು. ಮೊಟ್ಟೆ ಇಡುವ ಮೀನುಗಳು ಈಗ ಮೂಲ ಪ್ರಮಾಣದ ಐದರಲ್ಲಿ ಒಂದು ಭಾಗದ ಮೇಲೆ ಬಂದಿವೆ. 2021ರಲ್ಲಿ, ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಐಯುಸಿಎನ್ ಸಂಸ್ಥೆ ಇದನ್ನು ತೀವ್ರ ಅಪಾಯದ ವರ್ಗದಿಂದ ಒಂದು ಮೆಟ್ಟಿಲು ಕಡಿಮೆ ಅಪಾಯದ ವರ್ಗಕ್ಕೆ ಸರಿಸಿತು.

ನಿಯಮ ಮೊದಲೇ ಇದ್ದರೆ ಏನು ಲಾಭ ಗೊತ್ತಾ? ಅಂಕಿ ಬಂದ ಮೇಲೆ ಜಗಳ ಶುರುವಾದರೆ ಪ್ರತಿಯೊಬ್ಬರೂ ತಮಗೆ ಎಷ್ಟು ನಷ್ಟ ಅಂತ ನೋಡಿಯೇ ವಿಜ್ಞಾನವನ್ನು ಅಳೆಯುತ್ತಾರೆ. ಅಂಕಿ ಬರುವ ಮುಂಚೆ ಕೂತರೆ, ಯಾರಿಗೆ ಲಾಭವಾಗುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಆಗ ಮಾತು ಸ್ವಲ್ಪ ನ್ಯಾಯವಾಗಿ ನಡೆಯುತ್ತದೆ. ಈ ಯೋಚನೆಯ ಬೇರು ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗದ 1980ರ ದಶಕದ ಕೆಲಸದಲ್ಲಿದೆ. ದಕ್ಷಿಣ ಆಫ್ರಿಕಾ 1990ರ ದಶಕದಲ್ಲೇ ಇದನ್ನು ತನ್ನ ಮೀನುಗಳಿಗೆ ಅಳವಡಿಸಿಕೊಂಡಿತ್ತು. ಹೊಸದೇನಲ್ಲ, ಆದರೂ ಜಗತ್ತಿನ ಎಷ್ಟೋ ಮೀನುಗಾರಿಕೆಗಳಲ್ಲಿ ಇನ್ನೂ ಇಲ್ಲ.

ಒಳಗೆ ಬರುವ ಬಾಗಿಲಷ್ಟೇ ಸಾಲದು, ಹೊರಗೆ ಹೋಗುವ ಬಾಗಿಲೂ ಬೇಕು. ಕ್ಯಾಲಿಫೋರ್ನಿಯಾದ ಸಾರ್ಡೀನ್ ಇದಕ್ಕೆ ಒಳ್ಳೆಯ ಉದಾಹರಣೆ. ನೀರು ಬೆಚ್ಚಗಿರುವ ವರ್ಷಗಳಲ್ಲಿ ಅಲ್ಲಿ ಸಾರ್ಡೀನ್ ಮರಿ ಜಾಸ್ತಿ ಉಳಿಯುತ್ತವೆ ಎಂಬುದು ಕಂಡುಬಂದಿತ್ತು. 1998ರ ಯೋಜನೆಯಲ್ಲಿ ಅದನ್ನು ನಿಯಮವಾಗಿಯೇ ಬರೆದರು. ಅಲ್ಲಿನ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ, ಸಮುದ್ರಕ್ಕೆ ಚಾಚಿದ ಕಟ್ಟೆಯಲ್ಲಿ 1916ರಿಂದ ದಿನವೂ ನೀರಿನ ಉಷ್ಣತೆ ಅಳೆಯುತ್ತಾ ಬಂದಿದ್ದಾರೆ. ಅಲ್ಲಿನ ಸರಾಸರಿ ನೋಡಿ, ಮುಟ್ಟಬಾರದು ಅಂತ ಬಿಟ್ಟ ಪಾಲು ಕಳೆದು ಉಳಿದ ಮೀನಿನಲ್ಲಿ ಶೇ. 5ರಿಂದ 15ರ ನಡುವೆ ಎಷ್ಟು ಪಾಲು ಹಿಡಿಯಬಹುದು ಎಂಬುದನ್ನು ನಿರ್ಧರಿಸುವ ನಿಯಮ. ವಾತಾವರಣವನ್ನು ಕೋಟಾಕ್ಕೆ ಜೋಡಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಇದೂ ಒಂದು, ಬಹಳ ಜನ ಮೆಚ್ಚಿದ್ದರು. 2010ರಲ್ಲಿ ಹೊಸ ವರ್ಷಗಳ ಮಾಹಿತಿ ಸೇರಿಸಿ ನೋಡಿದಾಗ ಆ ಕಟ್ಟೆಯ ಉಷ್ಣತೆಗೂ ಸಾರ್ಡೀನ್ ಮರಿಗಳಿಗೂ ಇದ್ದ ನಂಟು ಕಳಚಿಕೊಂಡಿತ್ತು. ಉಷ್ಣತೆಯ ಅಂಶವನ್ನು ನಿಯಮದಿಂದ ಕೈಬಿಟ್ಟರು. ಆಮೇಲೆ ಇನ್ನೊಂದು ಅಧ್ಯಯನ ಬಂತು. ಕಟ್ಟೆಯ ಬದಲು ಸಮುದ್ರದೊಳಗೆ ಹಡಗಿನಿಂದ ಅಳೆದ ಉಷ್ಣತೆ ತೆಗೆದುಕೊಂಡರೆ ನಂಟು ಇನ್ನೂ ಇದೆ ಎಂದಿತು ಅದು. 2014ರಲ್ಲಿ ಆ ಅಳತೆಯೊಂದಿಗೆ ಮತ್ತೆ ಸೇರಿಸಿದರು. ಮೀನು ಮಾತ್ರ ಇಳಿಯುತ್ತಲೇ ಹೋಯಿತು, 2015ರಲ್ಲಿ ಮುಖ್ಯ ಮೀನುಗಾರಿಕೆ ಮುಚ್ಚಿತು.

ಇದನ್ನು ಸೋಲು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೀನಿನ ವಿಜ್ಞಾನದಲ್ಲಿ ಕಂಡ ಎಷ್ಟೋ ಸಂಬಂಧಗಳು ಹತ್ತಿಪ್ಪತ್ತು ವರ್ಷ ನಿಂತು ಆಮೇಲೆ ಬಿದ್ದುಹೋಗುತ್ತವೆ. ನಂಬಿದ್ದನ್ನು ಮತ್ತೆ ಮತ್ತೆ ಪರೀಕ್ಷಿಸಿ, ಬಿದ್ದದ್ದನ್ನು ತೆಗೆದು, ಚೆನ್ನಾಗಿರುವುದನ್ನು ಹಾಕಲು ಅವಕಾಶ ಇಟ್ಟುಕೊಂಡದ್ದೇ ದೊಡ್ಡದು.

ಬೇಗ ಎಂಬ ವಿಷಯಕ್ಕೆ ಬಂದರೆ ಅಲಾಸ್ಕಾದ ಬ್ರಿಸ್ಟಲ್ ಕೊಲ್ಲಿಯನ್ನು ನೋಡಬೇಕು. ಜಗತ್ತಿನಲ್ಲೇ ಅತಿ ದೊಡ್ಡ ಸಾಕೈ ಸಾಲ್ಮನ್ ಬರುವ ಜಾಗ. ಬೇಸಿಗೆಯ ಕೆಲವೇ ವಾರಗಳಲ್ಲಿ ಕೋಟಿಗಟ್ಟಲೆ ಮೀನು ಬೇರೆ ಬೇರೆ ನದಿಗಳಿಗೆ ಹತ್ತುತ್ತವೆ. ಯಾವ ನದಿಯ ಮೀನು ಎಷ್ಟು ಬರುತ್ತಿದೆ ಅಂತ ಗೊತ್ತಾಗದಿದ್ದರೆ ಒಂದು ನದಿಯ ಮೀನು ಪೂರ್ತಿ ಬಲೆಗೆ ಬಿದ್ದುಬಿಡಬಹುದು. ಅದಕ್ಕೆ ಕೊಲ್ಲಿಯ ಹೊರಗೆ, ಪೋರ್ಟ್ ಮೋಲರ್ ಎಂಬಲ್ಲಿಂದ ದೋಣಿ ಹೋಗಿ ಪರೀಕ್ಷೆಗೆ ಅಂತ ಸ್ವಲ್ಪ ಮೀನು ಹಿಡಿಯುತ್ತದೆ. ಅಲ್ಲಿಂದ ಕೊಲ್ಲಿಯೊಳಗೆ ಬರಲು ಸಾಲ್ಮನ್‌ಗೆ ಸುಮಾರು ಒಂದು ವಾರ ಬೇಕು. ಅಷ್ಟರೊಳಗೆ ಡಿಎನ್ಎ ನೋಡಿ, ಯಾವ ನದಿಯ ಮೀನು ಎಷ್ಟು ಪಾಲು ಅಂತ ಹೇಳಿಬಿಡುತ್ತಾರೆ. ಎಲ್ಲಿ ಬಲೆ ಬಿಡಬಹುದು, ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನಕ್ಕೆ ಅದೂ ಸೇರುತ್ತದೆ. ನದಿಗಳ ದಂಡೆಯ ಗೋಪುರಗಳಲ್ಲಿ ನಿಂತು ಹತ್ತಿದ ಮೀನನ್ನು ಕಣ್ಣಿನಲ್ಲೇ ಎಣಿಸುವ ಹಳೆಯ ಪದ್ಧತಿಯನ್ನೂ ಬಿಟ್ಟಿಲ್ಲ. ಅಲ್ಲಿನವರು ಜಾಣರು, ಬೇರೆಯವರು ದಡ್ಡರು ಅಂತ ಅಲ್ಲ ಇದು. ನಿರ್ಧಾರ ತೆಗೆದುಕೊಳ್ಳುವವರಿಗೆ ಯಾವ ದಿನ ಯಾವ ಪ್ರಶ್ನೆಗೆ ಉತ್ತರ ಬೇಕು ಅಂತ ಕೇಳಿ, ಆ ದಿನಕ್ಕೆ ಸರಿಯಾಗಿ ವಿಜ್ಞಾನವನ್ನು ಕಟ್ಟಿದ್ದಾರೆ.

ಹೊಸ ಜ್ಞಾನ ಅಂದರೆ ಪ್ರಯೋಗಾಲಯದಿಂದ ಬರುವುದು ಮಾತ್ರ ಅಂತ ನಾನು ಒಪ್ಪುವುದಿಲ್ಲ. ಸಿಗಡಿ ಬಲೆಗೆ ಬಿದ್ದ ಕಡಲಾಮೆ ಹೊರಗೆ ಹೋಗಲು ಬಲೆಯಲ್ಲಿ ಕಂಬಿಗಳ ಚೌಕಟ್ಟು ಮತ್ತು ಕಿಂಡಿ ಇಡುತ್ತಾರಲ್ಲ, ಅದರ ಮೂಲ ಅಮೆರಿಕದ ಜಾರ್ಜಿಯಾ ರಾಜ್ಯದ ಸಿಂಕಿ ಬೂನ್ ಎಂಬ ಸಿಗಡಿ ಮೀನುಗಾರ. ಬಲೆಗೆ ತುಂಬಿಕೊಳ್ಳುವ ಲೋಳೆಮೀನಿನ ಕಾಟ ತಪ್ಪಿಸಲು 1960ರ ದಶಕದ ಕೊನೆಯಲ್ಲಿ ಆತ ಮಾಡಿಕೊಂಡ ಉಪಾಯ ಅದು. ಆಮೆಗಳೂ ಹಾಗೇ ಹೊರಗೆ ಹೋಗುತ್ತವೆ ಅಂತ ಗೊತ್ತಾಯಿತು. 1987ರಲ್ಲಿ ಅಮೆರಿಕ ಅಂಥ ಸಾಧನಗಳನ್ನು ಕಡ್ಡಾಯ ಮಾಡಿತು. ಕಡ್ಡಾಯ ಮಾಡಿದಾಗ ಮೀನುಗಾರರೇ ಜೋರಾಗಿ ವಿರೋಧಿಸಿದರು ಎಂಬುದೂ ನಿಜ. ಉಪಾಯ ಒಬ್ಬ ಮೀನುಗಾರನದ್ದಾದರೂ, ಆಜ್ಞೆಯಾಗಿ ಮೇಲಿನಿಂದ ಇಳಿದಾಗ ಅದು ಬೇರೆಯೇ ಆಗಿಬಿಡುತ್ತದೆ. ಉದ್ದದ ಗಾಳದ ಸಾಲಿಗೆ ಕಡಲಕೋಳಿಗಳು ಸಿಕ್ಕಿ ಸಾಯದಂತೆ ಹಡಗಿನ ಹಿಂದೆ ಬಣ್ಣದ ಪಟ್ಟಿಗಳ ಹಗ್ಗ ಎಳೆಯುವ ಉಪಾಯವೂ ಜಪಾನಿನ ಮೀನುಗಾರರಿಂದ ಬಂದದ್ದು.

ಅಮೆರಿಕದ ಮೇನ್ ರಾಜ್ಯದ ಲಾಬ್‌ಸ್ಟರ್ (ದೊಡ್ಡ ಕಡಲ ಸೀಗಡಿಯಂಥ ಜೀವಿ) ಮೀನುಗಾರರು ಬಲೆಪೆಟ್ಟಿಗೆಯಲ್ಲಿ ಮೊಟ್ಟೆ ಹೊತ್ತ ಹೆಣ್ಣು ಸಿಕ್ಕರೆ ಬಾಲದಲ್ಲಿ ಸಣ್ಣ ಕಚ್ಚು ಮಾಡಿ ಬಿಟ್ಟುಬಿಡುತ್ತಾರೆ. ಮುಂದೆ ಮೊಟ್ಟೆ ಇಲ್ಲದಾಗ ಇನ್ನೊಬ್ಬರಿಗೆ ಸಿಕ್ಕರೂ ಕಚ್ಚು ನೋಡಿ ಅವರೂ ಬಿಡಬೇಕು. 1933ರಿಂದ ತೀರಾ ದೊಡ್ಡ ಲಾಬ್‌ಸ್ಟರ್ ಹಿಡಿಯುವಂತಿಲ್ಲ ಎಂಬ ನಿಯಮವೂ ಅಲ್ಲಿದೆ. ಸಣ್ಣದನ್ನು ಬಿಡಿ ಅನ್ನುವುದು ಎಲ್ಲ ಕಡೆಯೂ ಇದೆ, ದೊಡ್ಡದನ್ನೂ ಬಿಡಿ ಅನ್ನುವುದು ಅಪರೂಪ. 2018ರಲ್ಲಿ ನೂರಾರು ಜಾತಿಯ ಮೀನುಗಳ ಮೊಟ್ಟೆಗಳನ್ನು ಲೆಕ್ಕ ಹಾಕಿದ ಒಂದು ಅಧ್ಯಯನ ಬಂತು. 30 ಕಿಲೋ ತೂಗುವ ಒಂದು ಹೆಣ್ಣು ಕಾಡ್ ಇಡುವಷ್ಟು ಮೊಟ್ಟೆ ಇಡಲು 2 ಕಿಲೋ ತೂಗುವ ಸುಮಾರು 28 ಹೆಣ್ಣುಗಳು ಬೇಕು. 28 ಮೀನು ಅಂದರೆ 56 ಕಿಲೋ, ಆ ಕಡೆ ಬರೀ 30. ದೊಡ್ಡ ತಾಯಿಮೀನು ಕಿಲೋಗೆ ಕಿಲೋ ಇಟ್ಟು ನೋಡಿದರೂ ಮುಂದಿದೆ. ಆದರೆ ಬಹಳಷ್ಟು ಲೆಕ್ಕಗಳಲ್ಲಿ ಇವತ್ತಿಗೂ ಮೊಟ್ಟೆ ಇಡುವ ಮೀನಿನ ಒಟ್ಟು ತೂಕವನ್ನಷ್ಟೇ ನೋಡುತ್ತಾರೆ. ಆ ಲೆಕ್ಕದಲ್ಲಿ ಹಳೆಯ ದೊಡ್ಡ ಮೀನು ಹೋಗಿ ಅಷ್ಟೇ ತೂಕದ ಎಳೆಯ ಮೀನು ಬಂದರೆ ಏನೂ ನಷ್ಟವಿಲ್ಲ. ಮಾದರಿಯಲ್ಲಿ ಇದಕ್ಕೆ ಜಾಗ ಮಾಡುವುದು ಅಂಥ ಕಷ್ಟದ ಕೆಲಸವೂ ಅಲ್ಲ, ಆದರೂ ಆಗುತ್ತಿಲ್ಲ.

ಎಲ್ಲದಕ್ಕೂ ಜ್ಞಾನವೇ ಮದ್ದು ಅಂತ ಹೇಳಲಾರೆ. ಮೆಕ್ಸಿಕೋದ ವಕೀಟಾ ಎಂಬ ಪುಟ್ಟ ಕಡಲಹಂದಿಯ ವಿಷಯದಲ್ಲಿ ಗೊತ್ತಾಗಬೇಕಾದದ್ದೆಲ್ಲ ಗೊತ್ತಿತ್ತು. 1997ರಲ್ಲಿ 567ರಷ್ಟಿದ್ದವು, ಟೋಟೋವಾಬಾ ಮೀನಿಗೆ ಹಾಕುವ ಗಿಲ್‌ನೆಟ್ ಬಲೆಗೆ ಸಿಕ್ಕಿ ಸಾಯುತ್ತಿದ್ದವು, ಈಗ ಉಳಿದಿರುವುದು ಹತ್ತರ ಆಸುಪಾಸು. ನಿಷೇಧ ಇದೆ, ಬಲೆ ಇನ್ನೂ ನೀರಿನಲ್ಲೇ ಇದೆ. ಈಶಾನ್ಯ ಅಟ್ಲಾಂಟಿಕ್‌ನ ಮ್ಯಾಕೆರೆಲ್ ಕಥೆ ಇನ್ನೊಂದು ಥರ. 2007ರ ಆಸುಪಾಸಿನಲ್ಲಿ ಮೀನು ಐಸ್‌ಲ್ಯಾಂಡಿನ ಕಡೆಗೂ ಹರಡಿತು. ಒಟ್ಟು ಎಷ್ಟು ಹಿಡಿಯಬೇಕು ಎಂಬ ಸಲಹೆಯನ್ನು ಎಲ್ಲ ದೇಶಗಳೂ ಓದುತ್ತವೆ. ಯಾರಿಗೆ ಎಷ್ಟು ಪಾಲು ಎಂಬಲ್ಲಿ ಮಾತ್ರ ಎಲ್ಲರೂ ಸೇರಿದ ಒಪ್ಪಂದ ಇಲ್ಲ. ಎಲ್ಲರೂ ತಮ್ಮ ತಮ್ಮ ಪಾಲು ತಾವೇ ಬರೆದುಕೊಂಡಾಗ ಕೂಡಿದ ಮೊತ್ತ ಸಲಹೆಯನ್ನು ದಾಟುತ್ತದೆ.

ಈಗ ಎಲ್ಲ ಕಡೆ ನೀರಿನ ಡಿಎನ್ಎ ಬಗ್ಗೆ ಮಾತು. ಒಂದು ಬಾಟಲಿ ನೀರು ತೆಗೆದು, ಅದರಲ್ಲಿ ಕರಗಿರುವ ಜೀವಕಣಗಳಿಂದ ಯಾವ ಮೀನು ಆ ಸುತ್ತ ಇದೆ ಅಂತ ಹೇಳಬಹುದು. ಬಲೆಯೇ ಬೇಡ, ಮೀನು ಸಾಯುವುದೂ ಬೇಡ. ಇದು ನಿಜಕ್ಕೂ ಒಳ್ಳೆಯ ಸಾಧನ. ನನ್ನ ಭಯ ಇರುವುದು ಬೇರೆ ಕಡೆ. ಅಗ್ಗದ ಹೊಸ ವಿಧಾನ ಬಂದಾಗ ದುಬಾರಿ ಹಳೆಯ ಸರ್ವೆಯನ್ನು ನಿಲ್ಲಿಸುವ ಆಸೆ ಹುಟ್ಟುತ್ತದೆ, ಅಲ್ವಾ? ಬೇರಿಂಗ್ ಸಮುದ್ರದಲ್ಲಿ ಕೋವಿಡ್ ಕಾರಣಕ್ಕೆ 2020ರ ಸರ್ವೆ ಒಂದೇ ಒಂದು ವರ್ಷ ನಡೆಯಲಿಲ್ಲ. 2021ರಲ್ಲಿ ಹಡಗು ಮತ್ತೆ ಹೋದಾಗ ಸ್ನೋ ಕ್ರ್ಯಾಬ್ ಏಡಿಗಳು ಸಾವಿರ ಕೋಟಿಗೂ ಜಾಸ್ತಿ ಕಾಣೆಯಾಗಿದ್ದವು. ನೀರು ಬೆಚ್ಚಗಾಗಿ ಅವುಗಳ ಹಸಿವು ಹೆಚ್ಚಿತ್ತು, ತಿನ್ನಲು ಸಾಕಷ್ಟು ಸಿಗದೆ ಸತ್ತವು ಅಂತ 2023ರಲ್ಲಿ ಒಂದು ಅಧ್ಯಯನ ಹೇಳಿತು. 2022ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಆ ಮೀನುಗಾರಿಕೆ ಮುಚ್ಚಬೇಕಾಯಿತು. ಏಡಿಗಳು ಯಾವಾಗ ಎಷ್ಟು ಸತ್ತವು ಎಂಬುದರ ಬಗ್ಗೆ ಸುಳಿವು ಕೊಡಬಹುದಾಗಿದ್ದ ಆ ಒಂದು ವರ್ಷದ ಪುಟ ಖಾಲಿ.

ಹಳೆಯದರಿಂದ ಹೊಸದಕ್ಕೆ ದಾಟುವುದು ಹೇಗೆ ಅಂತ ಕಲಿಯಲು ಅಮೆರಿಕದ ಈಶಾನ್ಯ ತೀರದ ಸರ್ವೆ ನೋಡಿ. 1963ರಲ್ಲಿ ಆಲ್ಬಟ್ರಾಸ್ 4 ಎಂಬ ಹಡಗಿನಲ್ಲಿ ಶುರುವಾದ ಸರ್ವೆ ಅದು. ಹಡಗಿಗೆ ವಯಸ್ಸಾಯಿತು. ಹೊಸ ಹಡಗು ಹೆನ್ರಿ ಬಿಗೆಲೋ ಬಂತು, ಬಲೆಯೂ ಬೇರೆ. ನೇರವಾಗಿ ಹೊಸದಕ್ಕೆ ಹಾರಿದ್ದರೆ ನಾಲ್ಕು ದಶಕದ ಅಂಕಿಗಳನ್ನು ಹೊಸ ಅಂಕಿಗೆ ಹೋಲಿಸಲೇ ಆಗುತ್ತಿರಲಿಲ್ಲ. 2008ರಲ್ಲಿ ಎರಡೂ ಹಡಗುಗಳನ್ನು ಒಂದೇ ಜಾಗಕ್ಕೆ ಕಳಿಸಿ, ಅಕ್ಕಪಕ್ಕದಲ್ಲಿ ನೂರಾರು ಸಲ ಬಲೆ ಎಳೆಸಿದರು. ಯಾವ ಜಾತಿಯ ಮೀನು ಯಾವ ಬಲೆಗೆ ಎಷ್ಟು ಜಾಸ್ತಿ ಬೀಳುತ್ತದೆ ಅಂತ ಒಂದೊಂದಾಗಿ ಲೆಕ್ಕ ಹಾಕಿದರು. ಅದಕ್ಕೆ ಹಣ ಖರ್ಚಾಯಿತು, ಹಡಗಿನ ದಿನಗಳು ಹೋದವು, ಸುದ್ದಿ ಅಂತೂ ಆಗಲೇ ಇಲ್ಲ.

ನೀರಿನ ಡಿಎನ್ಎಗೂ ಅಂಥ ವರ್ಷಗಳು ಬೇಕು. ಬಲೆ ಎಳೆದ ಜಾಗದಲ್ಲೇ ಬಾಟಲಿಯನ್ನೂ ತುಂಬಿ, ಎರಡೂ ಏನು ಹೇಳುತ್ತವೆ ಅಂತ ಪಕ್ಕಪಕ್ಕ ಇಟ್ಟು ನೋಡುವ ವರ್ಷಗಳು. ಆ ಬಾಟಲಿಯ ಅಂಕಿ ಇಷ್ಟಾದರೆ ಕೋಟಾ ಇಷ್ಟು ಅಂತ ಆ ವರ್ಷಗಳಲ್ಲೇ ಮೀನುಗಾರರನ್ನೂ ಕೂರಿಸಿಕೊಂಡು ಬರೆಯಬೇಕು. ಬಾಟಲಿ ನೀರು ಮೀನಿನ ಹೆಸರು ಹೇಳುತ್ತದೆ, ವಯಸ್ಸು ಹೇಳುವುದಿಲ್ಲ. ಅದಕ್ಕೆ ಇನ್ನೂ ಬಹಳ ಕಾಲ ಯಾರಾದರೂ ಸರ್ವೆ ಹಡಗಿನಲ್ಲಿ ಹೋಗಿ, ಮೀನಿನ ತಲೆ ಸೀಳಿ, ಕಿವಿಕಲ್ಲು ತೆಗೆಯಬೇಕಾಗುತ್ತದೆ. ಅವರ ಸಂಬಳ ಯಾರು ಕೊಡುತ್ತಾರೆ ಎಂಬುದನ್ನು ಮುಂದಿನ ಬಜೆಟ್ಟಿಗೆ ಮುಂಚೆಯೇ ಕೇಳಬೇಕು.